ಶಾಲೆ ಕಾಂಪೌಂಡಿಗೆ ಬಂದ ಆನೆ

ಇಲ್ಲ ಇಲ್ಲ, ಕುರ್ಚಿ ಬ್ಯಾಡಿ ಮೇಡಂ, ನಾನು ಐಕ್ಳ ಬೆಂಚಲ್ಲೇ ಕೂತ್ಕತೀನಿ. ಒಂದೇ ಒಂದು ಮಾತು ಹೇಳ್ಬುಟ್ಟು ಓಯ್ತೀನಿ. ನಾಳೆ ರೇಂಜರ್ ಸಾಹೇಬ್ರು ಇಸ್ಕೂಲಿಗೆ ಬತ್ತವ್ರಲ್ಲ, ಅವ್ರ ಮುಂದೆ ಐಕ್ಳು ಆ ಆನೆ ವಿಷ್ಯ ಓದದು ಬ್ಯಾಡ. ಅಷ್ಟೇಯ. ಯಾಕೆ ಅಂತ ಕೇಳ್ಬೇಡಿ... ಅಗೋ, ಕೇಳೇಬುಟ್ರಿ. ಬಾಯಲ್ಲಿ ಕೇಳ್ನಿಲ್ಲ, ಹುಬ್ಬಲ್ಲಿ ಕೇಳುದ್ರಿ.

ನೋಡಿ, ನೀವು ಬಂದು ಇನ್ನೂ ಆರು ತಿಂಗ್ಳು. ಎಸ್‌ಡಿಎಂಸಿ ಅಧ್ಯಕ್ಷ ಚಿಕ್ಕಬಸಪ್ಪ ಅಂದ್ರೆ ಇಲ್ಲಿಂದ ಹಂಪಾಪುರದವರ್ಗೂ ಗೊತ್ತು. ಆ ಕಾಂಪೌಂಡು ಕಟ್ಸಿದ್ದು ಯಾರು? ಎರಡು ವರ್ಷ ಆಫೀಸು ಆಫೀಸು ಅಂತ ಕೋಟೆಗೂ ಮೈಸೂರಿಗೂ ಚಪ್ಪಲಿ ಸವೆಸಿ ಕಟ್ಸಿವ್ನಿ. ಗೇಟಿನ ಪಕ್ಕದ ಕಲ್ಲಲ್ಲಿ ನನ್ ಹೆಸ್ರದೆ, ಓದಿದ್ದೀರಿ. ಅದು ಬಿದ್ದಾಗ ಎಲ್ರಿಗಿಂತ ಮೊದ್ಲು ಹೊಟ್ಟೆ ಉರ್ದಿದ್ದು ನಂಗೆ.

ಸರಿ, ಆನೆ ಬಂತು. ಹೋದ ಬುಧ್ವಾರ ಬೆಳಗಿನ ಜಾವ, ಮಂಜಲ್ಲಿ ಬಂತು, ಗೋಡೆ ನೂಕ್ತು, ಓಯ್ತು. ನಾನು ಕಣ್ಣಾರೆ ಕಂಡೆ ಅಂದೆ, ಊರೆಲ್ಲಾ ಒಪ್ಕತು. ಫಾರೆಸ್ಟ್‌ನೋರೂ ಬಂದು ಬರ್ಕೊಂಡು ಹೊಂಟೋದ್ರು. ಅಲ್ಲಿಗೆ ಮುಗೀತು ಅಲ್ವಾ? ನೀವೇನ್ ಮಾಡುದ್ರಿ? ಏಳನೇ ಕ್ಲಾಸ್ ಐಕ್ಳನ್ನ ನಾಕು ಗುಂಪು ಮಾಡಿ, ಗುಂಪಿಗೊಂದು ಟೇಪು ಕೊಟ್ಟು, ಆನೆ ಯಾವ ಕಡೆಯಿಂದ ಬಂತು, ಎಂಗೆ ಕೆಡವ್ತು, ಇನ್ನೊಂದ್ಸಲ ಬರ್ದಂಗೆ ಏನ್ ಮಾಡ್ಬೇಕು, ನೀವೇ ಕಂಡುಹಿಡೀರಿ ಅಂತ ಅಟ್ಬುಟ್ರಿ.

ಏನದರ ಹೆಸ್ರು... ಸಮಸ್ಯೆ ಆಧಾರಿತ ಕಲಿಕೆ. ಟ್ರೈನಿಂಗಲ್ಲಿ ಹೇಳ್ಕೊಟ್ರು ಅಂತೀರಿ. ಅಲ್ಲಾ ಮೇಡಂ, ನಮ್ಮೂರಲ್ಲಿ ಸಮಸ್ಯೆಗೇನು ಬರಗಾಲವಾ? ಇರೋ ಸಮಸ್ಯೆನೆಲ್ಲಾ ದೊಡ್ಡೋರು ಎಂಗೋ ಮುಚ್ಕಂಡು ಬಾಳ್ತಾ ಇದ್ರೆ, ನೀವು ಸಣ್ಣ ಐಕ್ಳ ಕೈಲಿ ತೆಗೆಸ್ತೀರಲ್ಲ. ನಮ್ ಕಾಲ್ದಲ್ಲಿ ಮೇಷ್ಟ್ರು ಆನೆಗೆ ನಾಕು ಕಾಲು ಅಂದ್ರೆ ನಾಕು ಕಾಲು. ಎಣಿಸ್ಕಂಡು ಬತ್ತೀನಿ ಅಂತ ಯಾರೂ ಎದ್ದು ಓಯ್ತಿರ್ನಿಲ್ಲ.

ನಮ್ ಭಾವನಾನೇ ನೋಡಿ, ನನ್ ಮೊಮ್ಮಗಳು. ಮೊದ್ಲು ಏನ್ ಕೇಳುದ್ರೂ ಊಂ ಅನ್ನೋಳು. ಈಗ? ಮೊನ್ನೆ ನಮ್ಮನೆಯೋಳು ಪುಟ್ಟಮಲ್ಲಮ್ಮ, ಅಯ್ಯೋ ಸಾರಿಗೆ ಉಪ್ಪು ಜಾಸ್ತಿ ಆಗೋಯ್ತು ಅಂದ್ಲು. ಅನ್ನೋದೇ ತಡ, ಈ ಮಗು ಪೆನ್ನು ನೋಟ್‌ಬುಕ್ಕು ತಕ್ಕಂಡು ಬಂದು, "ಅಜ್ಜಿ, ಎಷ್ಟು ಚಮಚ ಹಾಕ್ದೆ? ಒಂದೇ ಸಲ ಹಾಕ್ದಾ, ಎರಡು ಸಲವಾ? ಆಗ ಅಡುಗೆಮನೇಲಿ ಇನ್ಯಾರು ಇದ್ರು?" ಅಂತವ್ಳೆ. ಇನ್ಯಾರು ಅಂದ್ರೆ ನಾನೇ. ಸಪ್ಪೆ ಅಂತ ಕದ್ದು ಒಂದು ಚಿಟಿಕೆ ಆಕಿದ್ದೆ. ಹತ್ತು ನಿಮಿಷದಲ್ಲಿ ಹಿಡಿದಾಕ್ಬುಟ್ಲು.

ನಗ್ತಿದ್ದೀರಾ? ನಗಿ ನಗಿ. ಪುಟ್ಟಮಲ್ಲಮ್ಮ ಬೈದಿದ್ದು ನಿಮ್ಗಲ್ವಲ್ಲ.

ಈಗ ಆನೆ ವಿಷ್ಯ. ಐಕ್ಳು ಏನಂತವೆ? ಲದ್ದಿ ಸಿಕ್ನಿಲ್ಲ ಅಂತವೆ. ಸಿಕ್ಕದಿದ್ರೆ ಬುಡಿ. ಹೋದ ಹೋದ ಕಡೆಗೆಲ್ಲಾ ಲದ್ದಿ ಆಕ್ಬೇಕು ಅಂತ ಆನೆಗೇನು ಕಾನೂನದಾ? ಇಸ್ಕೂಲು ಅಂತ ಗೊತ್ತಾಗಿ ಮರ್ವಾದೆಯಿಂದ ಇದ್ದಿರ್ಬೌದು. ಹೆಜ್ಜೆ ಇಲ್ಲ ಅಂತವೆ. ಟಾರು ರೋಡಲ್ಲಿ ನಡ್ಕಂಡು ಬಂದದೆ, ಎಲ್ಲಿಂದ ಹೆಜ್ಜೆ ಬಂದಾವು? ಗೋಡೆ ಪಕ್ಕದಲ್ಲೇ ಬಿಸಿಯೂಟದೋರು ನೆಟ್ಟ ಬಾಳೆ ಅದೆ, ಒಂದೆಲೆನೂ ಹರ್ದಿಲ್ಲ ಅಂತವೆ. ಹೊಟ್ಟೆ ತುಂಬಿತ್ತು ಮೇಡಂ. ಎಲ್ಲೋ ಜೋಳದ ಹೊಲ್ದಲ್ಲಿ ಗಡದ್ದಾಗಿ ತಿಂದ್ಕಂಡು ಬಂದಿತ್ತು.

ಏನು?... ಹ್ಞಾಂ. ಅದೂ ಸರಿನೇ. ಹೊಟ್ಟೆ ತುಂಬಿದ್ದ ಆನೆ ಲದ್ದಿ... ಅದನ್ನ ಬುಡಿ ಅತ್ಲಾಗೆ.

ಇನ್ನೊಂದು ಕೇಳಿ. ಗೋಡೆ ಮೇಲೆ ಎರಡು ಕಡೆ ಏಟು ಬಿದ್ದದಂತೆ, ನೆಲದಿಂದ ಎರಡು ಮುಕ್ಕಾಲು ಅಡಿ ಎತ್ತರ, ಆ ಎರಡರ ನಡುವೆ ಆರಡಿ. ಇಟ್ಟಿಗೆ ಮೇಲೆ ನೀಲಿ ಬಣ್ಣ ಅಂಟ್ಕಂಡದಂತೆ. ಆನೆಗೆ ನೀಲಿ ಬಣ್ಣ ಎಲ್ಲಿಂದ ಬತ್ತದೆ ಅಂತ ಕೇಳ್ತವೆ, ನನ್ನನ್ನೇ. ದಾರೀಲಿ ಯಾರ ಮನೆ ಮುಂದ್ಲೋ ನೀಲಿ ಡ್ರಮ್ಮಿಗೆ ಮೈ ಉಜ್ಜಿರ್ತದೆ ಅಂದೆ. ಉತ್ತರ ಬಂತಲ್ಲ, ಸುಮ್ಕಾಗ್ಬೇಕು ತಾನೇ? ಆಗ್ನಿಲ್ಲ. ಮಾರ್ನೇ ದಿನ ಊರಲ್ಲಿರೋ ಡ್ರಮ್ಮುನೆಲ್ಲಾ ಎಣಿಸ್ಕಂಡು ಬಂದವೆ. ಹದಿನೇಳಂತೆ. ಒಂದಕ್ಕೂ ಆನೆ ಕೂದ್ಲು ಅಂಟಿಲ್ವಂತೆ.

ಆ ಹೊತ್ತಲ್ಲಿ ನಾನು ಇಲ್ಲಿ ಯಾಕಿದ್ದೆ ಅಂತಾನಾ? ವಾಕಿಂಗು ಮೇಡಂ. ಡಾಕ್ಟ್ರು ಹೇಳವ್ರೆ. ಈಗ್ಲೂ ಕಣ್ಣಿಗೆ ಕಟ್ದಂಗದೆ, ಎದ್ರಿಗೆ ಬರೋ ಮನ್ಸ ಕಾಣ್ನಿಲ್ಲ, ಅಂತಾ ಮಂಜು. ಹಿಂದಕ್ಕೆ ತಿರುಗುದ್ರೂ ಕನ್ನಡೀಲಿ ಏನೂ... ಕನ್ನಡಿ ಅಂದ್ನಾ? ಇಲ್ಲ ಇಲ್ಲ, ಕಣ್ಣಲ್ಲಿ. ಕಣ್ಣಲ್ಲಿ ಏನೂ ಕಾಣ್ನಿಲ್ಲ. ಆನೆ ಮಾತ್ರ ಕಾಣ್ತು. ಆನೆ ದೊಡ್ಡದಲ್ವಾ, ಅದ್ಕೆ.

ಇಂಗ್ ನೋಡ್ಬೇಡಿ ಮೇಡಂ, ಅಳುಕಾಯ್ತದೆ.

ಮಾದಯ್ಯನ ವಿಷ್ಯ ಯಾಕ್ ಎತ್ತುದ್ರಿ ಈಗ? ನೀವು ಎತ್ನಿಲ್ವಾ? ಸರಿ, ನಾನೇ ಎತ್ತಿದ್ದು ಅನ್ಕಳಿ. ದೊಡ್ಡಮಾದಯ್ಯ ಆನೆ ಕಾಯೋ ವಾಚರ್ರು, ಅವತ್ತು ಅವನ ಪಾಳಿ. ಹನ್ನೊಂದು ವರ್ಷದಿಂದ ದಿನಗೂಲಿ ಮೇಲವ್ನೆ. ಅವನು ಮಲಗಿದ್ದ ಅಂತ ನಾನೇನು ಡಂಗುರ ಸಾರ್ನಿಲ್ಲ. ಗೋಡೆ ಪರಿಹಾರಕ್ಕೆ ಕೊಟ್ಟ ಅರ್ಜೀಲಿ ಬರ್ದಿದ್ದು ಒಂದೇ ಸಾಲು, ಕಾವಲುಗಾರನ ನಿರ್ಲಕ್ಷ್ಯದಿಂದ ಅಂತ. ಅರ್ಜಿ ಅಂದ್ಮೇಲೆ ಯಾವ್ದಾದ್ರೂ ಒಂದು ಕಾರಣ ಬೇಕಲ್ಲ. ಅದ್ಕೆ ಅವನನ್ನ ತೆಗೆದಾಕ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ? ನಾಳೆ ಸಾಹೇಬ್ರು ಬರೋದು ಅದ್ಕೇಯ, ಗೊತ್ತು. ಇಲ್ಲೇ ಕೂತು ಎಲ್ರನ್ನೂ ಕೇಳಿ ತೀರ್ಮಾನ ಮಾಡ್ತಾರಂತೆ.

ನಿನ್ನೆ ಸಂಜೆ ಮಾದಯ್ಯ ನಮ್ ಜಗಲಿಗೆ ಬಂದಿದ್ದ. ಜಗಳ ಆಡಕ್ಕೆ ಬಂದ ಅನ್ಕಂಡೆ, ಆಡಿದ್ರೆ ಎಷ್ಟೋ ವಾಸಿಯಾಗ್ತಿತ್ತು. ಟೋಪಿ ಕೈಲಿ ಹಿಡ್ಕಂಡು ನಿಂತ್ಕಂಡ. "ನಾನು ಎಚ್ಚರ್ವಾಗೇ ಇದ್ದೆ ಬುದ್ಧೀ. ಬೆಂಕಿ ಆರ್ದಂಗೆ ನೋಡ್ಕಂಡಿದ್ದೆ. ಆದ್ರೂ ನಿಮ್ ಕಣ್ಣಿಗೆ ಬಿದ್ದ ಆನೆ ನನ್ ಕಣ್ಣಿಗೆ ಬೀಳ್ನಿಲ್ಲ ಅಂದ್ರೆ ನಂದೇ ಏನೋ ತಪ್ಪಿರ್ಬೇಕು. ವಯಸ್ಸಾಯ್ತೇನೋ" ಅಂದ. ಪುಟ್ಟಮಲ್ಲಮ್ಮ ಅವನಿಗೂ ನನಗೂ ಕಾಫಿ ತಂದುಕೊಟ್ಲು. ನಂದು ಜಗಲಿ ಮೇಲೇ ಆರೋಯ್ತು ಮೇಡಂ.

ಅವನಿಗೆ ಬೇರೆ ಕೆಲ್ಸ ಕೊಡ್ಸಾಣ ಅಂತ ಇವ್ನಿ. ನಮ್ ಶುಂಠಿ ಹೊಲಕ್ಕೇ ಬರ್ಲಿ. ಊಟ ತಿಂಡಿ ಎಲ್ಲಾ ನಮ್ಮನೇಲೇ... ಯಾಕೆ? ಏನಾದ್ರೂ ಅನ್ನಿ ಮತ್ತೆ. ಅದೂ ಸರಿ ಇಲ್ವಾ?

ಅದೇನದು, ಭಾವನಾ ಗುಂಪಿನ ಚಾರ್ಟಾ? ಬ್ಯಾಡ, ನಂಗೆ ತೋರಿಸ್ಬೇಡಿ. ಅದನ್ನ ನೋಡಕ್ಕಲ್ಲ, ಸುತ್ತಿ ಬೀರೂಗೆ ಆಕ್ಸಕ್ಕೆ ಬಂದಿದ್ದು ನಾನು. ಅದ್ರಲ್ಲಿ ಏನದೆ ಅಂತ ನಂಗೆ ಗೊತ್ತು. ಭಾನುವಾರ ಭಾವನಾ ನಮ್ ಕೊಟ್ಟಿಗೇಲಿ ಟೇಪ್ ಹಿಡ್ಕಂಡು ನಿಂತಿದ್ದು ಕಿಟಕೀಲಿ ಕಂಡೆ. ಟ್ರೇಲರ್ ಹಿಂದ್ಲುಭಾಗ ಅಳೀತಾ ಇದ್ಲು. ಎತ್ತರ ಅಳುದ್ಲು, ಅಗಲ ಅಳುದ್ಲು, ನೀಲಿ ಬಣ್ಣದ ಮೇಲೆ ಉಗುರಲ್ಲಿ ಕೆರುದ್ಲು. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತ್ಕಂಡ್ಲು. ಅವತ್ತಿಂದ ಆ ಮಗು ನನ್ನನ್ನ ಒಂದು ಪ್ರಶ್ನೆನೂ ಕೇಳಿಲ್ಲ. ಮೊದ್ಲೆಲ್ಲಾ ಪ್ರಾಣ ತಿಂತಾಳಲ್ಲಪ್ಪ ಅನ್ಕೋತಿದ್ದೆ. ಈಗ ತಾತ ಊಟಕ್ಕೆ ಬಾ ಅಂತವ್ಳೆ, ಅಷ್ಟೇ. ಮನೆ ಬಿಕೋ ಅಂತದೆ.

ಕೊಡಿ ಇತ್ಲಾಗೆ. ನೋಡೇಬುಡ್ತೀನಿ, ನನ್ ಮಾನ ಎಷ್ಟು ದೊಡ್ಡ ಅಕ್ಷರದಲ್ಲಿ ಕಳ್ದವ್ಳೆ ಅಂತ.

ಅಕ್ಷರ ಚೆನ್ನಾಗದೆ. ಲದ್ದಿ, ಇಲ್ಲ. ಹೆಜ್ಜೆ, ಇಲ್ಲ. ಬಾಳೆಗಿಡ, ಹಾನಿಯಾಗಿಲ್ಲ. ಏಟಿನ ಎತ್ತರ, ಎರಡು ಮುಕ್ಕಾಲು ಅಡಿ. ಬಣ್ಣ, ನೀಲಿ. ಎಲ್ಲಾ ಸರಿಯಾಗಿ ಬರ್ದವ್ಳೆ. ಇಲ್ಲೇನೋ ಒಂದು ಸಾಲು ರಬ್ಬರಲ್ಲಿ ಉಜ್ಜವ್ಳೆ, ಪೇಪರ್ ಹರ್ಯೋಂಗೆ ಉಜ್ಜವ್ಳೆ. ಇಲ್ಲಿ ಕೆಳಗೆ... ತೀರ್ಮಾನ. ಗೋಡೆಯನ್ನು ಕೆಡವಿದ್ದು ಆನೆ. ಆಧಾರ...

ಮೇಡಂ, ಇದನ್ನ ನೀವು ಬರೆಸುದ್ರಾ? ನೀವಲ್ವಾ?

ಆಧಾರ, ನಮ್ಮ ತಾತ ಕಣ್ಣಾರೆ ನೋಡಿದ್ದಾರೆ.

ನಾನ್ ಹೇಳ್ಕೊಟ್ಟಿದ್ದಲ್ಲ ಇದು. ಸಿವ್ನಾಣೆಗೂ ನಾನ್ ಹೇಳ್ಕೊಟ್ಟಿಲ್ಲ. ತನ್ ಕೈಯಾರೆ ಅಳ್ತೆ ತಕ್ಕಂಡು, ಎಲ್ಲಾ ಗೊತ್ತಿದ್ದೂ... ನಾಳೆ ಇದನ್ನ ಅವಳು ಎದ್ದು ನಿಂತು ಓದ್ತಾಳಾ? ಮಾದಯ್ಯನ ಮುಂದೆ? ಅವನು ಟೋಪಿ ಹಿಡ್ಕಂಡು ನಿಂತಿರ್ತಾನೆ, ಇವಳು ಇದನ್ನ ಓದ್ತಾಳೆ, ಅವನ ಕೆಲ್ಸ ಓಯ್ತದೆ. ಹನ್ನೆರಡು ವರ್ಷದ ಮಗು ಮೇಡಂ. ಜೀವಮಾನ ಪೂರ್ತಿ ಹೊತ್ಕಂಡು ತಿರುಗ್ತಾಳಲ್ಲ ಇದನ್ನ, ನನ್ ದೆಸೆಯಿಂದ.

ಏನಾದ್ರೂ ಮಾತಾಡಿ. ಬಯ್ಯಿರಿ ಬೇಕಾದ್ರೆ.

ಅಧ್ಯಕ್ಷರೇ ನೀವೇ ಹೇಳಿ ಅಂತನಾದ್ರೂ ಅನ್ನಿ... ಊಹ್ಞೂಂ. ಭಾವನಾ ಹೇಳ್ತಿದ್ಲು, ಉತ್ತರ ಸಿಗೋವರ್ಗೂ ನಮ್ ಮಿಸ್ಸು ಬಾಯೇ ಬಿಡಲ್ಲ ತಾತ, ಸುಮ್ನೆ ನಿಂತಿರ್ತಾರೆ ಅಂತ. ಐಕ್ಳಿಗೆ ಮಾತ್ರ ಇಂಗೆ ಮಾಡ್ತೀರಿ ಅನ್ಕಂಡಿದ್ದೆ.

ಹೋದ ವರ್ಷ ನಾನು ಹಾಲಿನ ಡೈರಿ ಕಟ್ಟೆಗೆ ಗುದ್ದಿದ್ದಕ್ಕೆ ಪುಟ್ಟಮಲ್ಲಮ್ಮ ಟ್ರಾಕ್ಟರ್ ಕೀ ಕಿತ್ಕಂಡು ಬೀರೂಗೆ ಆಕಿದ್ಲು. ಅವಳು ಏಳೋಕ್ಮುಂಚೆ ಒಂದು ಲೋಡ್ ಗೊಬ್ಬರ ಹೊಡ್ದುಬುಡಾಣ ಅಂತ ಕದ್ದು ತಂದೆ. ಇಲ್ಲಿ ರಿವರ್ಸ್ ತಕ್ಕಂಡೆ. ಧಡ್ ಅಂತು. ಇಳಿದು ನೋಡ್ತೀನಿ, ನನ್ ಹೆಸ್ರಿರೋ ಕಲ್ಲೊಂದೇ ನೆಟ್ಟಗೆ ನಿಂತದೆ, ಪಕ್ಕದಲ್ಲಿ ಗೋಡೆನೇ ಇಲ್ಲ. ಆ ಹೊತ್ಗೆ ಯಾರೋ ದೂರದಿಂದ, ಏನ್ ಸದ್ದು ಅಧ್ಯಕ್ಷರೇ ಅಂದ್ರು. ಬಾಯಿಗೆ ಬಂದಿದ್ದು ಆನೆ.

ಪೆನ್ನು ಕೊಡಿ ಮೇಡಂ. ಅವಳ ಅಕ್ಷರ ಕೆಡಿಸಲ್ಲ, ಒಂದೇ ಗೆರೆ ಎಳೀತೀನಿ. ನಾಳೆ ಇದನ್ನ ಓದೋನೂ ನಾನೇ, ಭಾವನಾ ಕೂತಿರ್ಲಿ. ಹ್ಞಾಂ, ಆನೆ ಹೊಡ್ದಾಕ್ದೆ. ಈ ಜಾಗದಲ್ಲಿ ಟ್ರಾಕ್ಟರ್ ಅಂತ ಬರೀಲಾ, ಚಿಕ್ಕಬಸಪ್ಪ ಅಂತ ಬರೀಲಾ?... ಇದಕ್ಕೂ ಬಾಯಿ ಬಿಡಲ್ಲ ನೀವು. ಸರಿ ಬುಡಿ, ಚಿಕ್ಕಬಸಪ್ಪ ಅಂತಾನೇ ಬರೀತೀನಿ. ಟ್ರಾಕ್ಟರ್ ಏನ್ ಮಾಡ್ತು ಪಾಪ.