ಜಿನೇಂದ್ರನಿಗೆ ಕೊಡದ ನೀರು

ನಾನು ತಮ್ಮಣ್ಣ ತಂದೆ ಭರಮಣ್ಣ ಹುದ್ದಾರ, ವಯಸ್ಸು 52 ವರ್ಷ, ಉದ್ಯೋಗ ಮಗ್ಗದ ಕೆಲಸ, ಸಾಕಿನ್ ವಡಗಾವಿ, ಬೆಳಗಾವಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ,

ಮೃತ ಜಿನೇಂದ್ರ ತಂದೆ ಜಿನಪಾಲ ಚೌಗುಲೆ, ವಯಸ್ಸು 51, ಖಾಸಬಾಗದಲ್ಲಿ ಕಿರಾಣಿ ಅಂಗಡಿ ಇಟ್ಟವನು, ಸಾಲಿಯ ದಿನದಿಂದ ನನ್ನ ಗೆಳೆಯ. ಜೈನರ ನೇಮದಂತೆ ಹೊತ್ತು ಮುಳುಗಿದ ಮೇಲೆ ಅವನು ಊಟ ಮಾಡುತ್ತಿರಲಿಲ್ಲ, ನೀರು ಸಹ ಕುಡಿಯುತ್ತಿರಲಿಲ್ಲ. ಆ ನೇಮ ಕಾಯುವುದರಲ್ಲಿ ಅವನಿಗಿಂತ ನಾನೇ ಬಿಗಿ. ಒಂದು ಮದುವೆಯಲ್ಲಿ ಅವನು ಮಾತಿನ ಭರದಲ್ಲಿ ಬಾಯಿಗಿಟ್ಟ ಚಹಾ ಕಪ್ಪು ಕಸಿದುಕೊಂಡವನೂ ನಾನೇ. ನೀ ನನ್ನ ಅವ್ವನಕಿಂತ ಹೆಚ್ಚಾದಿ ಎಂದು ನಕ್ಕಿದ್ದ.

ಗಣರಾಜ್ಯೋತ್ಸವಕ್ಕೆ ಮೂರು ದಿನ ಸೂಟಿ ಬಂದಿತ್ತು. ಬಿಸಿಲೂ ಚಲೋ ಇತ್ತು. ಶುಕ್ರವಾರ ದಿನಾಂಕ 26-01-2024ರಂದು ಇಬ್ಬರೂ ಸೈಕಲ್ ಮೇಲೆ ಕೋಟೆ, ಕಾಕತಿ ಮಾಡಿಕೊಂಡು ಊರು ಸುತ್ತಿದೆವು. ಶನಿವಾರ ಬೆಳಿಗ್ಗೆ 8-30ಕ್ಕೆ ಖಾನಾಪುರಕ್ಕೆ ಹೋದೆವು, ಸುಮಾರು 26 ಕಿ.ಮೀ. ಅಲ್ಲಿ ನಮ್ಮ ಅತ್ತಿಯ ಮಗ ಬಾಳಪ್ಪನ ಮನೆಯಲ್ಲಿ ನಾನು ಉಂಡು ಮಲಗಿಬಿಟ್ಟೆ. ಜಿನೇಂದ್ರ ಎರಡು ಸಲ ಎಬ್ಬಿಸಿದ. ಮನೆ ಮುಟ್ಟಿ ಬೆಳಕಿರುವಾಗಲೇ ಉಣ್ಣಬೇಕು ಎಂಬುದು ಅವನ ಅವಸರ. ನಾವು ಹೊರಟಾಗ 4-40.

ಸಾಯಂಕಾಲ 5-58ಕ್ಕೆ ದೇಸೂರ ದಾಟಿ ಸುಮಾರು ಒಂದು ಕಿ.ಮೀ. ಬಂದಾಗ, ರಸ್ತೆಯಲ್ಲಿ ಬಿದ್ದಿದ್ದ ಕಬ್ಬಿನ ಮೇಲೆ ಅವನ ಮುಂದಿನ ಗಾಲಿ ಹಾಯ್ದು ಜಾರಿತು. ಅವನು ನನಗಿಂತ ಇಪ್ಪತ್ತು ಮಾರು ಮುಂದಿದ್ದ. ತಲೆ ಕಲ್ಲಿಗೆ ಬಡಿಯಿತು. ಬೇರೆ ಯಾವ ಗಾಡಿಯೂ ಹತ್ತಿರ ಇರಲಿಲ್ಲ. ನಾನು 6-01ಕ್ಕೆ ಆಂಬುಲೆನ್ಸಿಗೆ ಫೋನ್ ಹಚ್ಚಿ, ಅವನ ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಂತೆ. ಮಾತು ಇತ್ತು. ಅಂಗಡಿ ಕೀಲಿ ಕಿಸೆದಾಗ ಐತಿ ನೋಡು ಎಂದ.

6-14ಕ್ಕೆ ನೀರು ಕೇಳಿದ. ಅವನ ಹೆಂಡತಿ ಕಾಸಿ ಸೋಸಿ ತುಂಬಿಕೊಟ್ಟ ಬಾಟ್ಲಿ ನನ್ನ ಕೈಯಲ್ಲೇ ಇತ್ತು, ಅರ್ಧ ಇತ್ತು. ಮುಚ್ಚಳ ತೆಗೆದೆ.

"ತಮ್ಮಣ್ಣ, ಹೊತ್ತು ಐತೇನೋ?" ಎಂದು ಕೇಳಿದ.

ನಾನು ಪಡುವಣಕ್ಕೆ ನೋಡಿದೆ. ಸೂರ್ಯ ಕಾಣಲಿಲ್ಲ. ಮುಳುಗೇತಿ ಎಂದೆ.

"ಹಂಗಾರ ಬ್ಯಾಡ ಬಿಡು" ಎಂದ.

ಮತ್ತೆ ಕೇಳಲಿಲ್ಲ. ತುಟಿ ಒಣಗಿದ್ದವು, ನಾನು ನೋಡುತ್ತಲೇ ಕುಂತಿದ್ದೆ. ಶಾಣ್ಯಾ ಕೆಲಸ ಮಾಡಿದೆನೆಂದು ತಿಳಿದಿದ್ದೆ. ಆಂಬುಲೆನ್ಸ್ 6-31ಕ್ಕೆ ಬಂದಿತು. ದವಾಖಾನೆ ಮುಟ್ಟುವುದರೊಳಗೆ ಜೀವ ಹೋಗಿತ್ತು.

ರವಿವಾರ ದಹನ ಮುಗಿದ ಮೇಲೆ ಅವನ ಹೆಂಡತಿ ರೂಪಾಲಿ ನನ್ನನ್ನು ಬಾಜೂ ಕರೆದು, ಕಡೀಕ ನೀರರ ಕುಡದ್ರೇನು ಎಂದು ಕೇಳಿದರು. ನಾನು ನಡೆದದ್ದು ನಡೆದ ಹಾಗೆ ಹೇಳಿ, ಅವನ ನೇಮ ಮುರಿಯಗೊಡಲಿಲ್ಲ ಎಂದೆ. ಎಷ್ಟಕ್ಕೆ ಕೇಳಿದ ಎಂದರು. 6-14 ಎಂದೆ. ಅವರು ಗೋಡೆಯ ಕ್ಯಾಲೆಂಡರಿನ ಕಡೆ ಹೋಗಿ ಶನಿವಾರದ ಮೇಲೆ ಬೆರಳಿಟ್ಟರು. ಸೂರ್ಯಾಸ್ತ 6-27 ಎಂದು ಅಚ್ಚಾಗಿತ್ತು. ನಾನು ನೋಡಿದ ಕಡೆ ಗುಡ್ಡ ಇತ್ತು.

"ಇನ್ನೂ ಹೊತ್ತಿತ್ತರೀ, ಅಣ್ಣಾ" ಎಂದರು. ಬೈಯಲಿಲ್ಲ. ಬೈದಿದ್ದರೆ ತಡಕೊಳ್ಳುತ್ತಿದ್ದೆ.

ನೀರು ಕೊಟ್ಟಿದ್ದರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿರುತ್ತಾರೆ. ಉಳಿಯುವ ಮಾತು ನಾನು ಆಡುತ್ತಿಲ್ಲ. ಅವನಿಗೆ ನೀರಡಿಕೆಯಾಗಿತ್ತು. ಕಬ್ಬು ಚೆಲ್ಲಿದವರು ಯಾರೋ ಗೊತ್ತಿಲ್ಲ, ಅವರ ಮೇಲೆ ನನ್ನ ದೂರು ಇಲ್ಲ. ನನ್ನ ಮೇಲೆ ದೂರು ಬರಕೊಳ್ಳಿರಿ ಎಂದು ಕೇಳಿಕೊಂಡೆ. ಅದಕ್ಕೆ ಕಾಯ್ದೆಯಲ್ಲಿ ಯಾವ ಕಲಮೂ ಇಲ್ಲವೆಂದು ಸಾಹೇಬರು ಹೇಳಿ, ಕುಡಿಯಲು ನೀರು ತರಿಸಿಕೊಟ್ಟರು. ನಾನು ಕುಡಿಯಲಿಲ್ಲ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಖರೇ.

ಸ್ಥಳ: ಬೆಳಗಾವಿ
ದಿನಾಂಕ: 29-01-2024
ಸಹಿ: ತಮ್ಮಣ್ಣ ಭ. ಹುದ್ದಾರ