ಚೆನ್ನಾಗಿ ಉಂಡ ಕೆರೆ

ಕಿಟಕಿಯಿಂದ ಕರ್ಚೀಫು ಎಸೆದು ಹಿಡಿದ ಸೀಟಿಗೆ ಅಕ್ಷತಾ ದೊಡ್ಡಮ್ಮನನ್ನು ಎಳೆದುಕೊಂಡಳು. ಜಾವಗಲ್ ಬಸ್ಸು ಹೊರಟಿತು. ಹಿಂದಿನ ಸೀಟಿನಲ್ಲಿದ್ದ ಮೀನಾಕ್ಷಿ ಎಂಬ ಪ್ರಯಾಣಿಕಳಿಗೆ ಅವರ ಮಾತೆಲ್ಲ ಕೇಳಿಸುತ್ತಿತ್ತು.

"ಮೀನು ಸತ್ವಲ್ಲ, ನಮ್ಮೂರ ಕೆರೆ ನೀರು ನಿಮ್ಮ ಕಾಲೇಜಲ್ಲಿ ಪರೀಕ್ಷೆ ಮಾಡಿದ್ರಲ್ಲ, ಏನಾಗೈತಂತೆ?"

"ಯೂಟ್ರೋಫಿಕ್ ಆಗಿದೆ, ದೊಡ್ಡಮ್ಮ."

"ಇಂಗ್ಲಿಷಾ?"

"ಮೂಲ ಗ್ರೀಕು. ಚೆನ್ನಾಗಿ ಉಂಡಿದ್ದು ಅಂತ ಅರ್ಥ."

"ಚೆನ್ನಾಗಿ ಉಂಡ್ರೆ ಮೀನು ಯಾಕೆ ಸಾಯ್ತವೆ?"

"ಉಂಡಿದ್ದು ಕೆರೆ. ಅನ್ನ ಕೊಳೆತು, ಪಾಚಿ ಬೆಳೆದು, ಮೀನಿಗೆ ಉಸಿರೇ ಸಿಗಲಿಲ್ಲ. ಯಾರೋ ದಿನಾ ಅನ್ನ ತಂದು ಸುರೀತಿದ್ರಂತೆ."

"ಯಾರೋ ಯಾಕೆ? ಛತ್ರದಲ್ಲಿ ಮಿಕ್ಕಿದ್ದನ್ನೆಲ್ಲ ನಾನೇ ಹಾಕ್ತಿದ್ದೆ ಅಂತ ನಿಂಗೂ ಗೊತ್ತಲ್ಲ. ಮೀನಿಗೆ ಉಣಿಸೋದು ಪುಣ್ಯ ಅಂದ್ಕೊಂಡಿದ್ದೆ ಕಣೇ."

ಅಕ್ಷತಾ ಬ್ಯಾಗಿನಿಂದ ಡಬ್ಬಿ ತೆಗೆದಳು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಚಿತ್ರಾನ್ನ ಇದೆ, ಒಂದ್ ತುತ್ತು ತಿನ್ನು."

ಅವರ ಸ್ಟಾಪು ಬಂತು. ದೊಡ್ಡಮ್ಮ ಕಂಬಿ ಹಿಡಿದು ಎದ್ದರು.

"ಬೇಡ. ಒಂದು ಅಗುಳೂ ಬೇಡ."