ಕಂಡದ್ದು ಮಾತ್ರ

ಗಲ್ಫ್‌ನ ಅಲ್ ಖೌದ್ ಊರಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಜೆನಿಟಾ ತನ್ನ ಸರದಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಸ್ಕೂಲ್ ಯೂನಿಫಾರ್ಮಿನ ಹುಡುಗಿ, ಅವಳ ತಾಯಿ. ಆಡುತ್ತಿದ್ದದ್ದು ಉಡುಪಿ ಕಡೆಯ ಕನ್ನಡ. ಜೆನಿಟಾಳ ಕಿವಿ ತಾನಾಗಿಯೇ ಅತ್ತ ಹೋಯಿತು. ತಾಯಿಯ ಕೈಯಲ್ಲಿ ಮಗಳ ಇಂಗ್ಲಿಷ್ ಪ್ರಬಂಧವಿತ್ತು.

“ಇದೆಂತ ಹಿತಾ? ಅಪ್ಪ ಟೈ ಕಟ್ಟಿ ಸಮುದ್ರದ ಬದಿ ಕಾರಲ್ಲಿ ಕೂತಿರ್ತಾರೆ ಅಂತ ಬರ್ದಿದ್ದಿ!”

“ಅಮೆರಿಕನ್ ಲಿಟರೇಚರ್ ಅಸೈನ್‌ಮೆಂಟ್ ಅಮ್ಮ. ಅಲ್ಲಿಯ ಕತೆಗಳ ಹಾಗೆ ಬರೀಬೇಕು. ದುಃಖ ಅಂತ ಹೇಳ್ಬಾರ್ದು, ಕಂಡದ್ದು ಮಾತ್ರ ಹೇಳ್ಬೇಕು ಅಂದ್ರು ಮಿಸ್.”

“ಕತೆ ಅಲ್ವಾ ಮತ್ತೆ? ಅಪ್ಪ ದಿನಾ ಆಫೀಸಿಗೆ ಹೋಗುದಲ್ವಾ?”

ಹುಡುಗಿ ತಲೆಯೆತ್ತಲಿಲ್ಲ. “ನಮ್ಮ ಸ್ಕೂಲ್ ಬಸ್ಸು ಅದೇ ದಾರಿಯಲ್ಲಿ ಹೋಗ್ತದೆ.”

“ಯಾವಾಗಿಂದ ನೋಡ್ತಿದ್ದಿ?”

“ರಂಜಾನ್ ರಜೆ ಮುಗಿದ ಮೇಲೆ.”

“ಅಂದ್ರೆ ಕೆಲಸ ಹೋಗಿದೆ. ನಂಗೆ ಹೇಳ್ಬಾರ್ದಿತ್ತಾ?”

“ಬಾಯಿ ಬರ್ಲಿಲ್ಲ ಅಮ್ಮ.”

ನರ್ಸ್ ಹಿತಾಳ ಹೆಸರು ಕರೆದಳು. ತಾಯಿ ಹಾಳೆಯನ್ನು ನಾಲ್ಕಾಗಿ ಮಡಚಿ ಮಗಳ ಬ್ಯಾಗಿನ ತಳಕ್ಕೆ ತುರುಕಿದಳು.

“ನಾನು ಓದಿದ್ದು ಅಪ್ಪನಿಗೆ ಗೊತ್ತಾಗುದು ಬೇಡ.”

“ಹೂಂ.”

ಇಬ್ಬರೂ ಎದ್ದರು. ಬಾಗಿಲ ಬಳಿ ತಾಯಿಯ ದನಿ ಮತ್ತೊಮ್ಮೆ ಕೇಳಿಸಿತು.

“ನಾಳೆಯಿಂದ ಅಪ್ಪನ ಬುತ್ತಿ ಒಟ್ಟಿಗೆ ಎರಡು ಬಾಟ್ಲಿ ನೀರು ಇಡ್ತೇನೆ. ಕಾರೊಳಗೆ ಸೆಕೆ ಜೋರಿರ್ತದೆ.”